ಹೆಜ್ಜಾರ್ಲೆಯ ಹೂಂ

ಕೆರೆಗೆ ಮಂಜು ಕವಿದ ದಿನ ಯಾರು ಎಷ್ಟೆತ್ತರ ಹಾರಬೇಕೆಂದು ಹೇಳುವುದು ಬಂಡೆಯ ಮೇಲಿನ ಟಿಟ್ಟಿಭ ಹಕ್ಕಿಯ ಕೆಲಸ. ಕಟ್ಟಳೆ ಒಂದೇ ನೋಡಿ: ಹಾರುವವರು ತಮಗೆ ಹೇಳಿದ ಎತ್ತರವನ್ನು ಬಾಯಿಬಿಟ್ಟು ತಿರುಗಿ ಹೇಳಬೇಕು.

ಅಂದು ಹಿರಿಯ ಹೆಜ್ಜಾರ್ಲೆ ಮರಿಗಳಿಗೆಂದು ಕೊಕ್ಕಿನ ಚೀಲದ ತುಂಬ ಮೀನು ತುಂಬಿಕೊಂಡು ಹೊರಟಿತು.

“ದೊಡ್ಡಪ್ಪ, ಇವತ್ತು ಒಂದೇ ತಾಳೆಮರದೆತ್ತರ. ಎರಡು ಮರದೆತ್ತರದಲ್ಲಿ ಎದುರಿಂದ ಕೊಕ್ಕರೆ ಬರ್ತಿದ್ದಾಳೆ.”

“ಹೂಂ.”

“ತಿರುಗಿ ಹೇಳಿ.”

“ಹೂಂ, ಹೂಂ!”

ಬಾಯಿ ಬಿಟ್ಟರೆ ಮೀನು ಬೀಳುತ್ತದಲ್ಲ! ಅಷ್ಟು ದೊಡ್ಡವರನ್ನು ಎಷ್ಟು ಸಲ ಕೇಳುವುದೆಂದು ಟಿಟ್ಟಿಭಕ್ಕೆ ಸಂಕೋಚವಾಯಿತು. “ಸರಿ, ಹೊರಡಿ” ಅಂದುಬಿಟ್ಟಿತು.

ಹೆಜ್ಜಾರ್ಲೆಯ ಮನಸ್ಸೆಲ್ಲ ಹಸಿದ ಮರಿಗಳ ಮೇಲೆ. ಹೇಳಿದ್ದು ಕಿವಿಗೆ ಬಿದ್ದಿತ್ತೇ ಹೊರತು ತಲೆಗೆ ಹೋಗಿರಲಿಲ್ಲ. ದಿನದ ರೂಢಿಯಂತೆ ಎರಡು ಮರದೆತ್ತರಕ್ಕೇ ಏರಿತು. ಮಂಜಿನೊಳಗೆ ಧಡ್ಡೆಂದು ಸದ್ದಾಯಿತು. ಬಂಡೆಯ ಮೇಲೆ ಮೊದಲು ಮೀನು ಉದುರಿದವು, ಆಮೇಲೆ ಎರಡು ಹಕ್ಕಿಗಳು.

ಮಂಜು ಕರಗಿತು. ಆಚೆ ದಡದ ಮರದಲ್ಲಿ ಮರಿಗಳು ಬಾಯ್ತೆರೆದು ಕೂಗುತ್ತಲೇ ಇದ್ದವು. ಟಿಟ್ಟಿಭ ಹೆಜ್ಜಾರ್ಲೆಯ ಖಾಲಿಯಾದ ಕೊಕ್ಕಿನ ಹತ್ತಿರ ಕೂತಿತು.

“ಈಗ ಹೇಳಿ ದೊಡ್ಡಪ್ಪ, ಎಷ್ಟೆತ್ತರ ಅಂದಿದ್ದೆ ನಾನು?”