ಕಾಲಿಲ್ಲದ ಕೊಕ್ಕರೆ

ಜಪಾನಿನ ಒಬ್ಬ ದಣಿಗೆ ತೀರಿಹೋದ ತಾಯಿ ಹಿಡಿಯುತ್ತಿದ್ದ ಈಟಿ ಅಂದರೆ ಪ್ರಾಣ. ಒಮ್ಮೆ ಮನೆಗೆ ಬಂದ ನೆಂಟ ಅದನ್ನು ನೋಡಿ ನಕ್ಕ. “ಹಿಡಿಯ ಬುಡದಲ್ಲಿ ಬರೆದ ಕೊಕ್ಕರೆಗೆ ಕಾಲೇ ಇಲ್ಲವಲ್ಲ! ಯಾರೋ ಕೋಲು ಕತ್ತರಿಸಿ ಮೋಟು ಮಾಡಿದ್ದಾರೆ.”

ದಣಿ ತಾಯಿಯ ಕಾಲದಿಂದಲೂ ಮನೆಯಲ್ಲಿದ್ದ ಮುದಿ ಅಡುಗೆಯವಳ ಮೇಲೆ ಹಾರಾಡಿದ. “ಕತ್ತರಿಸಿದ ಕಳ್ಳನನ್ನು ಹಿಡಿದು ಕೊಡು. ಇಲ್ಲವೇ ಮನೆ ಬಿಡು!”

“ಕೊಡ್ತೀನಿ ಬುದ್ಧೀ. ಮೊದಲು ಮಂಡಿಯೂರಿ ಈಟಿ ಹಿಡೀರಿ.”

ಗೊಣಗುತ್ತಲೇ ಮಂಡಿಯೂರಿದ. ಈಟಿ ಅಳೆದು ಮಾಡಿದ ಹಾಗೆ ಕೈಗೆ ಹೊಂದಿತು.

“ನೀವು ಇಷ್ಟೇ ಎತ್ತರ ಇದ್ದಾಗ, ಅಮ್ಮನ ಈಟಿ ನನಗೂ ಬೇಕು ಅಂತ ರಚ್ಚೆ ಹಿಡಿದವರು ಯಾರು? ಅಮ್ಮಾವ್ರೇ ಗರಗಸ ತರಿಸಿ ಕತ್ತರಿಸಿದ್ರು. ಕಳ್ಳ ಸಿಕ್ಕಿದ, ಇನ್ನು ಏಳಿ.”

ದಣಿ ಏಳಲಿಲ್ಲ.

“ತಡಿ,” ಅಂದ. “ಎದ್ದರೆ ಅಮ್ಮ ಹೋಗಿಬಿಡ್ತಾಳೆ.”