ಕೋವಿಯಿಲ್ಲದ ಮನೆ

"ಗುರುಗಳೇ, ತರ್ಕ ಮುಗಿಯಿತು, ವ್ಯಾಕರಣವೂ ಮುಗಿಯುತ್ತ ಬಂತು. ಇನ್ನು ವೈದ್ಯ ಮೊದಲೋ, ಜ್ಯೋತಿಷ ಮೊದಲೋ? ಯಾವ ಕ್ರಮದಲ್ಲಿ ಕಲಿತರೆ ಒಂದು ಇನ್ನೊಂದಕ್ಕೆ ಒದಗುತ್ತದೆ?" ಎಂದು ಅಡವಯ್ಯ ಕೇಳಿದ.

ಅಡವಯ್ಯ ಮಠದ ಹಿರಿಯ ಶಿಷ್ಯ. ಆ ದಿನ ಬೆಳಿಗ್ಗೆ ಒಬ್ಬ ಹೆಂಗಸು ಮಠದ ಬಾಗಿಲಿಗೆ ಬಂದಿದ್ದಳು. ಗಂಡ ತೀರಿಕೊಂಡಿದ್ದಾನೆ, ಮನೆಯಲ್ಲಿ ಕೂರಲಾಗುತ್ತಿಲ್ಲ, ಎರಡು ಮಾತು ಹೇಳಿ ಸ್ವಾಮಿ ಎಂದು ಅತ್ತಿದ್ದಳು. ತನ್ನ ಓದು ಇನ್ನೂ ಪೂರ್ತಿಯಾಗಿಲ್ಲ, ಆದ ಮೇಲೆ ಬಾ ತಾಯಿ ಎಂದು ಅಡವಯ್ಯ ಅವಳನ್ನು ಕಳಿಸಿಬಿಟ್ಟಿದ್ದ. ಗುರುಗಳು ಒಳಗಿನಿಂದ ಅದನ್ನೆಲ್ಲ ಕೇಳಿಸಿಕೊಂಡಿದ್ದರು.

"ಕುಳಿತುಕೋ" ಎಂದರು ಗುರುಗಳು. ದನಿಯಲ್ಲಿ ಸಿಟ್ಟಿತ್ತು. ಅವನ ಮುಖ ನೋಡದೆ ಕತೆ ಹೇಳತೊಡಗಿದರು.

ಒಂದು ಬೆಟ್ಟದ ನಾಡಿತ್ತು. ಅಲ್ಲಿ ಒಂದು ಮನೆಯಿಂದ ಇನ್ನೊಂದು ಮನೆ ಕಣ್ಣಿಗೆ ಕಾಣುತ್ತಿತ್ತು, ಆದರೆ ಹೋಗಬೇಕೆಂದರೆ ಕಣಿವೆ ಇಳಿದು ಹತ್ತಬೇಕು. ಕೂಗಿದರೆ ಕೇಳಿಸದು. ಹಾಗಾಗಿ ಆ ನಾಡಿನವರು ದೊಡ್ಡ ಸುದ್ದಿಗಳನ್ನು ಕೋವಿಯಿಂದಲೇ ಹೇಳುತ್ತಿದ್ದರು. ಮಗು ಹುಟ್ಟಿದರೆ ಒಂದು ಈಡು, ಅಂದರೆ ಗಾಳಿಯಲ್ಲಿ ಒಂದು ಗುಂಡು. ಸಾವಾದರೆ ಒಂದರ ಹಿಂದೆ ಒಂದು, ಎರಡು ಈಡು. ಎರಡು ಈಡು ಕೇಳಿದವನು ಕೈಯಲ್ಲಿದ್ದ ಕೆಲಸ ಬಿಟ್ಟು ಆ ಮನೆಗೆ ಹೊರಡಬೇಕು. ಬಾ ಎಂದು ಯಾರೂ ಕರೆಯಬೇಕಾಗಿಲ್ಲ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು ಎಂಬುದೂ ಅಲ್ಲಿಯ ಕಟ್ಟಳೆ.

ಆ ನಾಡಿನಲ್ಲಿ ಒಬ್ಬ ಏಲಕ್ಕಿ ವ್ಯಾಪಾರಿ ಇದ್ದ. ಅವನ ತಂದೆ ಕಾಯಿಲೆಯಿಂದ ಮಲಗಿದ್ದ. ಕಣಿವೆಯ ಆಚೆ ತಂದೆಯ ಗೆಳೆಯನೊಬ್ಬನಿದ್ದ, ರೈತ. ಇಬ್ಬರೂ ಜೊತೆಯಲ್ಲಿ ಬೆಳೆದವರು. ಯಾರು ಮೊದಲು ಹೋದರೂ ಉಳಿದವನು ಬಂದು ಮೊದಲ ಹಿಡಿ ಮಣ್ಣು ಹಾಕಬೇಕೆಂದು ಇಬ್ಬರಲ್ಲೂ ಮಾತಾಗಿತ್ತು. ಅದಕ್ಕಾಗಿ ಮುದುಕ ತಂದೆ ಗೋಡೆಯ ಗೂಡಿನಲ್ಲಿ, ದೀಪದ ಪಕ್ಕ, ಮದ್ದು ತುಂಬಿದ ಎರಡು ಹಿತ್ತಾಳೆ ತೋಟಾ ತೆಗೆದಿಟ್ಟಿದ್ದ. ಅದರ ಮೇಲೆ ಅವನ ಹಳೆಯ ಕೋವಿ ತೂಗುತ್ತಿತ್ತು. ಇವೆರಡು ನನ್ನ ಸಾವಿಗೆ, ಯಾರೂ ಮುಟ್ಟಬೇಡಿ ಎಂದು ಮನೆಯವರಿಗೆಲ್ಲ ಹೇಳಿದ್ದ. ಅವನಿಗೆ ಬೇರೆ ಆಸೆ ಇರಲಿಲ್ಲ.

ಮಗನಿಗೆ ತೋಟಾ ತುಂಬುವ ಹುಚ್ಚು ಹತ್ತಿತು. ಹಾರಿಸಿ ಬಿಸಾಡಿದ ಖಾಲಿ ತೋಟಾಗಳನ್ನು ಆರಿಸಿ ತರುವುದು, ತೊಳೆಯುವುದು, ಕೋವಿಯ ಅಳತೆಗೆ ಮಾಡಿಸಿದ ಅಚ್ಚಿಗೆ ಕೊಟ್ಟು ನೆಟ್ಟಗೆ ಮಾಡುವುದು, ಮದ್ದು ತೂಗಿ ತುಂಬಿ ಗುಂಡು ಕೂರಿಸುವುದು. ಹವ್ಯಾಸವನ್ನು ನಾನು ಬೈಯುತ್ತಿಲ್ಲ. ಕೈಗೆ ಒಂದು ಕೆಲಸ ಬೇಕು, ಇರಲಿ. ಆದರೆ ಅಂಗಡಿಯ ತೋಟಾ ಮನೆಗೆ ತರುವುದೇ ಅವನಿಗೆ ಅವಮಾನವೆನಿಸಿತು. ಆಮೇಲೆ ಯೋಜನೆ ಶುರುವಾಯಿತು. ಐದು ರೈಫಲ್ ಕೂಡಿಸಬೇಕು. ಒಂದರ ಅಚ್ಚು ಇನ್ನೊಂದಕ್ಕೆ ಒದಗಬೇಕು. ಯಾವುದೂ ದಂಡವಾಗಬಾರದು. ಯಾವುದು ಮೊದಲು, ಯಾವುದು ಆಮೇಲೆ? ಊಟಕ್ಕೆ ಕುಳಿತರೂ ಅದೇ, ಸಂತೆಗೆ ಹೋದರೂ ಅದೇ. ಎಂಥ ಬುದ್ಧಿವಂತ ನೋಡು!

ತಂದೆಯ ಕೋವಿ ಈ ಯೋಜನೆಯೊಳಗೆ ಕೂಡಲಿಲ್ಲ. ಅದರ ಬಾಯಿಯ ಅಳತೆ ಬೇರೆ. ಮಗ ಅದನ್ನು ಕೊಟ್ಟು ಬದಲಿಗೆ ಒಂದು ರೈಫಲ್ ತಂದ. ಗೂಡಿನಲ್ಲಿದ್ದ ಎರಡು ತೋಟಾಗಳನ್ನು ಬಿಚ್ಚಿ ಮದ್ದು ತೂಗಿದ. ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ. ಇದೇನು ಕೆಲಸ ಎಂದು ನಕ್ಕು ಮದ್ದನ್ನು ಅಂಗಳಕ್ಕೆ ಚೆಲ್ಲಿದ. ಖಾಲಿ ಹಿತ್ತಾಳೆ ಎರಡನ್ನು ಮತ್ತೆ ಗೂಡಿನಲ್ಲಿಟ್ಟ. ಹೆತ್ತ ತಂದೆಯ ಕೊನೆಯ ಆಸೆಯನ್ನು ತಕ್ಕಡಿಗೆ ಹಾಕಿ ತೂಕ ಸಾಲದು ಎಂದ, ಆ ಮಹಾಶಯ. ಹೇಳುವಾಗ ನನಗೇ ಮೈ ಉರಿಯುತ್ತದೆ.

ಒಂದು ದಿನ ತಂದೆ ಕೇಳಿದ, "ಆ ಎರಡು ಇದಾವೇನೋ?"

"ಅವು ಸರಿ ಇರ್ಲಿಲ್ಲಪ್ಪ. ಅದಕ್ಕಿಂತ ಚೆಂದದ್ದು ನಾನೇ ತುಂಬಿಕೊಡ್ತೀನಿ. ನೀವು ಸುಮ್ನೆ ಮಲಗಿ."

"ಚೆಂದ ಯಾರಿಗೆ ಬೇಕೋ? ಆಚೆ ದಿಬ್ಬಕ್ಕೆ ಕೇಳಿಸಿದ್ರೆ ಸಾಕು."

ಮಗ ತಲೆಯಾಡಿಸಿ ತನ್ನ ಅಚ್ಚಿನ ಮುಂದೆ ಹೋಗಿ ಕುಳಿತ. ಕೆಲವು ದಿನ ಕಳೆದು, ಒಂದು ಬೆಳಿಗ್ಗೆ, ತಂದೆ ತೀರಿಕೊಂಡ.

ಮಗ ಕೋಣೆಗೆ ಓಡಿದ. ಗೋಡೆಯ ಮೇಲೆ ಎರಡು ರೈಫಲ್ ಇದ್ದವು. ಅವಕ್ಕೆ ತೋಟಾ ಇರಲಿಲ್ಲ. ಮೂರನೆಯದೂ ಬರಲಿ, ಮೂರಕ್ಕೂ ಒಟ್ಟಿಗೇ ಅಚ್ಚು ಮಾಡಿಸೋಣ ಎಂದು ಬಿಟ್ಟಿದ್ದ. ಪೆಟ್ಟಿಗೆಯಲ್ಲಿ ಸಾಲುಸಾಲಾಗಿ ತೋಟಾ ಇದ್ದವು. ಅವು ಐದನೆಯ ರೈಫಲ್ಲಿಗೆ. ಅದರ ಅಚ್ಚು ಮೊದಲೇ ಸಿಕ್ಕಿತೆಂದು ತುಂಬಿಟ್ಟಿದ್ದ, ರೈಫಲ್ ಇನ್ನೂ ಬಂದಿರಲಿಲ್ಲ. ಆದರೂ ಒಂದು ತೋಟಾ ಹಿಡಿದು ನೋಡಿದ. ಒಂದು ರೈಫಲ್ಲಿಗೆ ಅದು ದಪ್ಪ, ಇನ್ನೊಂದಕ್ಕೆ ಸಡಿಲ. ರೈಫಲ್ಲೂ ಇತ್ತು, ತೋಟಾವೂ ಇತ್ತು, ಮುದುಕ ಕೇಳಿದ್ದ ಆ ಎರಡು ಸದ್ದು ಮಾತ್ರ ಇರಲಿಲ್ಲ.

ಆಳನ್ನು ಮನೆಮನೆಗೆ ಅಟ್ಟಿದ. ಹತ್ತಿರದ ನಾಲ್ಕು ಜನ ಬಂದರು. ಉಳಿದವರಿಗೆ ಕಾದು ಕಾದು, ಹೊತ್ತು ಇಳಿಯಿತೆಂದು ಅವರೇ ಮಣ್ಣು ಮುಚ್ಚಿದರು. ರೈತ ಏದುಸಿರು ಬಿಡುತ್ತ ಬಂದಾಗ ಗುಂಡಿ ತುಂಬಿತ್ತು. ಅವನು ಅದರ ಪಕ್ಕದಲ್ಲೇ ಕುಸಿದು ಕುಳಿತ. ಅವನ ಹಿಡಿಯಲ್ಲಿ ಮಣ್ಣಿತ್ತು. ದಾರಿಯಲ್ಲೇ ತನ್ನ ಹೊಲದ ಮಣ್ಣು ತೆಗೆದುಕೊಂಡು ಬಂದಿದ್ದ.

"ದಿನವೆಲ್ಲ ನಿಮ್ಮ ಮನೆ ಕಡೆ ಮುಖ ಮಾಡ್ಕೊಂಡೇ ಹೊಲ ಅಗೀತಿದ್ದೆ ಕಣೋ. ಒಂದು ಸದ್ದೂ ಬರಲಿಲ್ಲವಲ್ಲೋ" ಎಂದ.

"ಎಲ್ಲಾ ತಯಾರಿತ್ತು ಮಾವ. ಮೂರು ರೈಫಲ್ ಬರಬೇಕಿತ್ತು, ಅಷ್ಟೇ."

ಅಷ್ಟೇ ಅಂತೆ! ಹಾಗೆಂದು ಆ ವ್ಯಾಪಾರಿ ತನ್ನ ಯೋಜನೆಯನ್ನು ವಿವರಿಸತೊಡಗಿದ. ಇನ್ನೂ ಆರದ ಮಣ್ಣಿನ ಪಕ್ಕ ನಿಂತು ಯಾವ ಅಚ್ಚು ಯಾವುದಕ್ಕೆ ಒದಗುತ್ತದೆ ಎಂದು ಹೇಳಿದ. ನಾಚಿಕೆ ಎಂಬುದು ಅವನ ಹತ್ತಿರ ಸುಳಿಯಲಿಲ್ಲ. ರೈತ ಎಲ್ಲ ಕೇಳಿಸಿಕೊಂಡ. ಹಿಡಿಯಲ್ಲಿದ್ದ ಮಣ್ಣನ್ನು ಎಲ್ಲಕ್ಕಿಂತ ಮೇಲೆ, ಕೊನೆಯ ಹಿಡಿಯಾಗಿ ಹಾಕಿ ಎದ್ದ.

ಮರುದಿನ ಬೆಳಿಗ್ಗೆ ರೈತ ತನ್ನ ಅಂಗಳದಲ್ಲಿ ನಿಂತು ಎರಡು ಈಡು ಹೊಡೆದ. ಕಣಿವೆಯ ಜನರೆಲ್ಲ ಕೆಲಸ ಬಿಟ್ಟು ಅವನ ಮನೆಗೆ ಓಡಿಬಂದರು. ನೋಡಿದರೆ ಅವನ ಹೆಂಡತಿ ಮಕ್ಕಳು ಎಲ್ಲರೂ ನೆಟ್ಟಗಿದ್ದಾರೆ. ಯಾರು ಹೋದದ್ದು ಎಂದು ಕೇಳಿದರು.

"ಆಚೆ ದಿಬ್ಬದ ನನ್ನ ಗೆಳೆಯ. ನಿನ್ನೆಯೇ ಹೋದ. ಪಾಪ, ಅವರ ಮನೇಲಿ ಕೋವಿ ಇಲ್ಲ. ಅದಕ್ಕೆ ನಾನು ಹೊಡೆದೆ" ಎಂದ ರೈತ.

ಗುರುಗಳು ಕತೆ ನಿಲ್ಲಿಸಿದರು. ಆ ವ್ಯಾಪಾರಿಯ ಮೇಲೆ ಅಡವಯ್ಯನಿಗೂ ಸಿಟ್ಟು ಬಂದಿತ್ತು.

"ಆಮೇಲಾದರೂ ಅವನಿಗೆ ಬುದ್ಧಿ ಬಂತೇ, ಗುರುಗಳೇ?" ಎಂದು ಕೇಳಿದ.

ಗುರುಗಳು ಮೊದಲ ಸಲ ಅವನ ಮುಖ ನೋಡಿದರು.

"ಬೆಳಿಗ್ಗೆ ಬಂದ ಆ ತಾಯಿ ಯಾವ ದಾರಿ ಹಿಡಿದು ಹೋದಳು, ಅಡವಯ್ಯ?"

ಅಡವಯ್ಯ ನೋಡಿರಲಿಲ್ಲ.