ಎರಡನೆಯ ಉಂಡೆ

"ಗುರುಗಳೇ, ಭಂಗಿಯನ್ನು ಹೊಸದಾಗಿ ತೆಗೆದುಕೊಳ್ಳುವವನಿಗೆ ಎಷ್ಟು ಸಾಕು?"

ಕಲ್ಮೇಶ ಈ ಪ್ರಶ್ನೆ ಕೇಳಿದ್ದು ಬಣ್ಣದಾಟದ ದಿನ, ಮಠದ ಬೇವಿನ ಕಟ್ಟೆಯ ಮುಂದೆ ನಿಂತು. ಆ ಮಠದಲ್ಲಿ ಹಿರಿಯ ಸಾಧುಗಳು ಆ ದಿನ ಭಂಗಿ ಸೊಪ್ಪನ್ನು ಅರೆದು, ಬೆಲ್ಲ ಸೇರಿಸಿ ಉಂಡೆ ಕಟ್ಟುವುದು ಹಿಂದಿನಿಂದ ಬಂದ ವಾಡಿಕೆ. ಯಾರೋ ಒಬ್ಬ ಸಾಧು ಕಲ್ಮೇಶನ ಕೈಗೂ ಎರಡು ಉಂಡೆ ಇಟ್ಟು ಹೋಗಿದ್ದ. ಒಂದನ್ನು ಅವನು ಆಗಲೇ ನುಂಗಿದ್ದ. ಏನೂ ಆಗಿರಲಿಲ್ಲ. ಇಷ್ಟೇನಾ ಇದರ ಬಂಡವಾಳ ಎಂದು ಅವನಿಗೆ ಬೇಸರವಾಗಿತ್ತು. ಇನ್ನೊಂದು ಉಂಡೆ ಬಲಗೈ ಮುಷ್ಟಿಯಲ್ಲಿತ್ತು. ಗುರುಗಳು ಒಂದು ಮಾತು ಹೂಂ ಅಂದರೆ ಅದನ್ನೂ ಬಾಯಿಗೆ ಹಾಕಿಕೊಳ್ಳುವವನೇ.

ಬಿಸಿಲು ಇಳಿದ ಮೇಲೆ ಮಠದ ಬಾವಿಯ ಹೂಳು ತೆಗೆಯುವ ಕೆಲಸವಿತ್ತು. ಒಳಗೆ ಇಳಿಯುವವನು ದುರುಗಪ್ಪ. ಅವನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಮೇಲೆ ನಿಂತು ಹಿಡಿಯುವ ಸರದಿ ಕಲ್ಮೇಶನದು. ಉಂಡೆ ನುಂಗುವಾಗ ಅವನಿಗೆ ಅದರ ನೆನಪೇ ಬಂದಿರಲಿಲ್ಲ.

ಗುರು ಅಡವಯ್ಯನವರು ಶಿಷ್ಯನ ಮುಖ ನೋಡಿದರು, ಮುಚ್ಚಿದ ಕೈ ನೋಡಿದರು.

"ಬಾ, ಕೂತುಕೋ. ನಿಂತವನಿಗೆ ಹೇಳಿದ್ದು ಕಿವಿಗೆ ಹೋಗುವುದಿಲ್ಲ, ಕಾಲಿಗೆ ಹೋಗುತ್ತದೆ" ಎಂದು ಕತೆ ಶುರುಮಾಡಿದರು.

ಒಬ್ಬ ಅಂಬಿಗನಿದ್ದ. ಹರಿಗೋಲು ನಡೆಸುವುದರಲ್ಲಿ ಎತ್ತಿದ ಕೈ. ಹರಿಗೋಲು ದುಂಡಗಿರುತ್ತದೆ, ನೋಡು. ಅದಕ್ಕೆ ಹಿಂದಿಲ್ಲ, ಮುಂದಿಲ್ಲ. ಹುಟ್ಟು ಹಾಕುವ ಕೈ ನಿಂತಿತೋ, ಅದು ನಿಂತಲ್ಲೇ ತಿರುಗಲು ಶುರು. ಇವನ ಕೈ ಒಂದು ದಿನವೂ ನಿಂತದ್ದಿಲ್ಲ. ಇವನಿಗೆ ಒಬ್ಬಳೇ ಮಗಳು, ಆಚೆ ದಡದ ಊರಿಗೆ ಕೊಟ್ಟಿದ್ದ. ಬಾಣಂತನ ಮುಗಿಸಿಕೊಂಡು ಕೂಸಿನೊಂದಿಗೆ ಗಂಡನ ಮನೆಗೆ ಹೊರಟಿದ್ದಳು. ಹೋದರೆ ಅಪ್ಪನ ಹರಿಗೋಲಿನಲ್ಲೇ ಹೋಗಬೇಕೆಂದು ಹಟ ಹಿಡಿದು ಕೂತಿದ್ದಳು. ಅದೂ ಇಂಥದೇ ಬಣ್ಣದ ದಿನ.

ನೆರೆಮನೆಯ ಅಜ್ಜಿ ಭಂಗಿ ಅರೆದು ಒಂದು ಹಂಡೆ ಪಾನಕ ಮಾಡಿಟ್ಟಿದ್ದಳು. ಅಂಬಿಗನನ್ನೂ ಕರೆದು ಒಂದು ಲೋಟ ಕೊಟ್ಟಳು. ಇವನು ಹೆಂಡ ಬಲ್ಲವನು, ಭಂಗಿ ಅರಿಯದವನು. ಹೆಂಡಕ್ಕೆ ಅವಸರ ಹೆಚ್ಚು. ಗಂಟಲು ದಾಟುವಷ್ಟರಲ್ಲೇ ಬಂದೆ ಎನ್ನುತ್ತದೆ. ಇವನು ಅದೇ ಅಳತೆ ಹಿಡಿದು ಇದನ್ನೂ ಅಳೆದ. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕಾದ. ಆಮೇಲೆ, "ಏನಜ್ಜಿ, ಬರೀ ಸೊಪ್ಪಿನ ನೀರು ಕುಡಿಸಿದೆಯಲ್ಲ! ಎಮ್ಮೆಗೆ ಇಟ್ಟಿದ್ದನ್ನು ತಂದೆಯೋ ಹೇಗೆ?" ಎಂದ.

"ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ತಾಳಪ್ಪಾ" ಎಂದಳು ಅಜ್ಜಿ.

ತಾಳುವುದೇ! ಸುತ್ತ ನಾಲ್ಕು ಜನ ನೋಡುತ್ತಿರುವಾಗ ಇವನು ತಾಳುತ್ತಾನೆಯೇ? ತಾನೇ ಹಂಡೆಗೆ ಲೋಟ ಅದ್ದಿ ಎರಡನೆಯದು ಕುಡಿದ. ಮೂರನೆಯದನ್ನೂ ಕುಡಿದ. ಆಗಲೂ ನೆಟ್ಟಗೆ ನಡೆದ. ನೋಡಿದವರು ಭೇಷ್ ಎಂದರು. ಅಲ್ಲೇ ಓಲಾಡಿ ಬಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಷ್ಟರಲ್ಲಿ ಮಗಳು ಕರೆದಳು, ಇವನು ಹುಟ್ಟು ಹಿಡಿದು ಹೊಳೆಗೆ ಇಳಿದ.

ಕಲ್ಮೇಶನ ನಾಲಿಗೆ ಒಣಗಿತ್ತು. ಕಟ್ಟೆಯ ಮೇಲಿದ್ದ ತಂಬಿಗೆ ಎತ್ತಿ ನೀರು ಕುಡಿದ. ಸ್ವಲ್ಪ ಹೊತ್ತಿಗೆ ಮತ್ತೆ ಕುಡಿದ. ಅಡವಯ್ಯನವರು ನೋಡಿಯೂ ನೋಡದಂತೆ ಇದ್ದರು. ಕತೆ ಮಾತ್ರ ಎಂದಿಗಿಂತ ನಿಧಾನವಾಗಿ ಸಾಗುತ್ತಿತ್ತು.

ನಡುಹೊಳೆಯಲ್ಲಿ ಮೂರು ಲೋಟವೂ ಒಟ್ಟಿಗೆ ಬಂದವು. ಅಂಬಿಗನಿಗೆ ಹೊಳೆ ನಿಂತಂತೆಯೂ ದಡ ಹರಿಯುತ್ತಿರುವಂತೆಯೂ ಕಂಡಿತು. ದಡವೇ ಹರಿದು ಬರುವಾಗ ನಾನೇಕೆ ಹುಟ್ಟು ಹಾಕಲಿ ಎಂದುಕೊಂಡ. ಕೈ ಸಡಿಲಿತು, ಹುಟ್ಟು ನೀರಿಗೆ ಬಿತ್ತು. ಹರಿಗೋಲು ಗಿರ್ರನೆ ತಿರುಗಿತು. ಮಗಳು ಅಪ್ಪಾ ಎಂದು ಕಿರುಚಿದಳು. ಅವನಿಗೆ ಮಗಳ ಮುಖವೂ ಗುರುತು ಹತ್ತಲಿಲ್ಲ. ಭಯ ಹಿಡಿದು ಹರಿಗೋಲಿನ ತಳದಲ್ಲಿ ಮುದುಡಿ ಮಲಗಿಬಿಟ್ಟ. ಅವಳು ಕೂಸನ್ನು ಸೆರಗಿನಿಂದ ಬೆನ್ನಿಗೆ ಬಿಗಿದುಕೊಂಡು, ಅಳುತ್ತಾ, ಎರಡೂ ಕೈಯಿಂದ ನೀರು ಬಾಚತೊಡಗಿದಳು.

ಇಲ್ಲಿ ಕಲ್ಮೇಶ ನಕ್ಕುಬಿಟ್ಟ.

ಯಾಕೆ ನಕ್ಕೆನೆಂದು ಅವನಿಗೇ ತಿಳಿಯಲಿಲ್ಲ. ಅಯ್ಯೋ, ಕೂಸು ಹೊತ್ತ ಹೆಂಗಸು ಸಾಯುತ್ತಿದ್ದಾಳೆ, ನಾನು ನಗುತ್ತಿದ್ದೇನೆ ಎಂದು ಹೆದರಿಕೆಯಾಯಿತು. ತಡವರಿಸುತ್ತಾ, "ಕೂಸು ಉಳಿಯಿತೇ?" ಎಂದು ಕೇಳಿದ.

ಉಳಿಯಿತು, ಎಂದರು ಅಡವಯ್ಯನವರು. ಎಲ್ಲರೂ ಉಳಿದರು. ಬಹಳ ಕೆಳಗೆ ಹೋಗಿ ಹರಿಗೋಲು ಮರಳ ದಿಬ್ಬಕ್ಕೆ ಹತ್ತಿತು. ಅಂಬಿಗ ಮರುದಿನವೆಲ್ಲ ಮಲಗಿ ಎದ್ದು, ನೆಟ್ಟಗೆ ಅಜ್ಜಿಯ ಮೇಲೆ ಹರಿಹಾಯ್ದ. ನನಗೇನು ಕುಡಿಸಿದೆ ಎಂದು ಕೂಗಾಡಿದ. ಅಜ್ಜಿ ಹೇಳಿದಳು: "ನಾನು ಕುಡಿಸಿದ್ದು ಒಂದು ಲೋಟ. ಹೊಸಬ ಎಂದಿದ್ದರೆ ಅದರಲ್ಲೂ ಅರ್ಧ ಕೊಡುತ್ತಿದ್ದೆ. ಅದು ಬರುವ ತನಕ ನಮ್ಮ ಜೊತೆ ಕೂತಿದ್ದರೆ ನಕ್ಕು, ಉಂಡು, ಮಲಗುತ್ತಿದ್ದೆ. ಮಗಳನ್ನು ದಾಟಿಸುವ ದಿನ ಅದನ್ನೂ ಮುಟ್ಟಬಾರದಿತ್ತು ಎನ್ನುವುದನ್ನು ನಾನು ಹೇಳಿಕೊಡಬೇಕಿತ್ತೇ?"

ಅಂಬಿಗ ಬೇರೆ ಹುಟ್ಟು ಮಾಡಿಸಿಕೊಂಡ. ಮಗಳು ಆಮೇಲೂ ತವರಿಗೆ ಬರುತ್ತಿದ್ದಳು. ಆದರೆ ದೂರದ ಸೇತುವೆ ಸುತ್ತಿ, ಬಿಸಿಲಿನಲ್ಲಿ, ಕೂಸನ್ನೆತ್ತಿಕೊಂಡು ನಡೆದೇ ಬರುತ್ತಿದ್ದಳು. ಅಪ್ಪನ ಹರಿಗೋಲಿಗೆ ಮತ್ತೆ ಕಾಲಿಡಲಿಲ್ಲ. ಬಾ ಮಗಳೇ, ದಾಟಿಸುತ್ತೇನೆ ಎನ್ನಲು ಅವನಿಗೂ ಬಾಯಿ ಬರಲಿಲ್ಲ.

ಕತೆ ಮುಗಿಯಿತು. ಬಾವಿಯ ಕಡೆಯಿಂದ ದುರುಗಪ್ಪನ ಕೂಗು ಕೇಳಿಸಿತು: "ಹಗ್ಗ ಹಿಡಿಯೋರು ಯಾರ್ರೀ? ಲಗೂ ಬರ್ರಿ, ನಾ ಇಳೀತೀನಿ!"

ಕಲ್ಮೇಶನಿಗೆ ಆ ಕೂಗು ಬೇರೆ ಯಾವುದೋ ಊರಿನಿಂದ ಬಂದಂತೆ ಅನ್ನಿಸಿತು. ಏಳಲು ಹೋದ. ಕಟ್ಟೆ ಮೆಲ್ಲಗೆ ಒಂದು ಪಕ್ಕಕ್ಕೆ ಸರಿಯಿತು. ಕಟ್ಟೆಯ ಅಂಚು ಹಿಡಿದುಕೊಂಡು ಮತ್ತೆ ಕೂತ. ಆಗ ಅವನಿಗೆ ದುರುಗಪ್ಪನ ಸೊಂಟದ ಹಗ್ಗ ನೆನಪಾಯಿತು.

ಅಡವಯ್ಯನವರು ಅಂಗೈ ಚಾಚಿದರು.

"ಮೊದಲನೆಯದು ಈಗ ತಾನೇ ಬಂದಿದೆ, ಮಗನೇ, ಎರಡನೆಯದನ್ನು ನನ್ನ ಕೈಗೆ ಕೊಡು, ಹಗ್ಗವನ್ನು ಬೇರೆಯವರ ಕೈಗೆ."

ಕಲ್ಮೇಶ ಮುಷ್ಟಿ ಬಿಚ್ಚಿದ.